ಬಳ್ಳಾರಿ ಬಿಸಿಲಲ್ಲಿ ಡ್ರೈ ಹಾಪಿಂಗ್: ಬಿಯರ್‌ಗೆ ಹಾಪ್ ಯಾವಾಗ, ಎಷ್ಟು, ಹೇಗೆ ಹಾಕಬೇಕು

ಹುದುಗುವಿಕೆ ಮುಗಿದ ಬಿಯರ್‌ಗೆ ಹಾಪ್ (ಕಹಿ, ವಾಸನೆ ಕೊಡುವ ಒಂದು ಹೂ) ಹಾಕಿ, ಕುದಿಸದೆ, ಎರಡು ಮೂರು ದಿನ ನೆನೆಯಲು ಬಿಟ್ಟು ತೆಗೆಯುವುದಕ್ಕೆ ಡ್ರೈ ಹಾಪಿಂಗ್ ಅನ್ನುತ್ತಾರೆ. ಕೆಲಸ ನೋಡಲು ಇಷ್ಟೇ. ಆದರೆ ಇಂಟರ್ನೆಟ್ಟಿನಲ್ಲಿ ಸಿಗುವ ಬಹುತೇಕ ವಿಧಾನಗಳು "ಹತ್ತನೇ ದಿನ ಹಾಕಿ, ಐದು ದಿನ ಬಿಡಿ" ಎಂದು ದಿನದ ಲೆಕ್ಕ ಹೇಳುತ್ತವೆ. ಆ ಲೆಕ್ಕ 20 ಡಿಗ್ರಿಯ ಕೋಣೆಯದ್ದು. ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಏಪ್ರಿಲ್‌ನಲ್ಲಿ ಹೊರಗೆ 40 ದಾಟಿರುತ್ತದೆ, ರಾತ್ರಿ ಹತ್ತಕ್ಕೂ ಗೋಡೆ ಬಿಸಿ ಕಾರುತ್ತಿರುತ್ತದೆ. ಇಲ್ಲಿ ದಿನ ಎಣಿಸಿದರೆ ಕೆಟ್ಟಿತು. ಗ್ರಾವಿಟಿ (ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುವ ಬಿಯರ್‌ನ ಸಾಂದ್ರತೆ) ಇಳಿಯುವುದು ನಿಂತಿದೆಯಾ, ಬಿಯರ್ ತಣ್ಣಗಾಗಿದೆಯಾ, ಗಾಳಿ ಹೊರಗಿದೆಯಾ ಎಂಬ ಮೂರನ್ನು ನೋಡಿ ಹಾಪ್ ಹಾಕಬೇಕು.

ಮುಂದಕ್ಕೆ ಹೋಗುವ ಮೊದಲು ಕಾನೂನಿನ ಮಾತು. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಬಿಯರ್ ಕೂಡ ಮದ್ಯವೇ, ಮನೆ ಮಟ್ಟಿಗೆ ಅಂದರೂ ನಡೆಯುವುದಿಲ್ಲ. ಹಾಗಾಗಿ ಕೆಳಗಿನ ಬಿಯರ್ ಲೆಕ್ಕವೆಲ್ಲ ಪರವಾನಗಿ ಇರುವ ಮೈಕ್ರೋಬ್ರೂವರಿಯಲ್ಲಿ ಸಣ್ಣ ಟ್ರಯಲ್ ಬ್ಯಾಚ್ ತೆಗೆಯುವವರಿಗೆ, ಮತ್ತು ಮನೆಯಲ್ಲಿ ಬಿಯರ್ ಮಾಡಲು ಕಾನೂನು ಬಿಡುವ ದೇಶಗಳಲ್ಲಿ ನೆಲೆಸಿರುವ ನಮ್ಮವರಿಗೆ. ಊರಿನ ಮನೆಯಲ್ಲೇ ಕೈ ಪಳಗಿಸಿಕೊಳ್ಳಬೇಕು ಅನ್ನುವವರಿಗೆ ಮದ್ಯವಿಲ್ಲದ ಹಾಪ್ ಸೋಡಾ ಇದೆ. ಅದರ ವಿಧಾನ ಕೆಳಗಡೆ ಕೊಟ್ಟಿದೆ.

ಹಾಪ್: ಕೊಳ್ಳುವಾಗ, ಇಡುವಾಗ

ಹಾಪ್ ಅಂದರೆ ಒಂದು ಬಳ್ಳಿಯ ಹೆಣ್ಣು ಹೂ. ಎಸಳಿನ ಬುಡದಲ್ಲಿ ಲುಪುಲಿನ್ ಎಂಬ ಹಳದಿ ಅಂಟುಪುಡಿ ಇರುತ್ತದೆ. ಕಹಿ ಕೊಡುವ ಆಲ್ಫಾ ಆಸಿಡ್‌ಗಳೂ ವಾಸನೆ ಕೊಡುವ ಎಣ್ಣೆಗಳೂ ಅದರಲ್ಲೇ. ಕುದಿಸಿದರೆ ಆಲ್ಫಾ ಆಸಿಡ್ ರೂಪ ಬದಲಿಸಿ ಕಹಿಯಾಗಿ ಕರಗುತ್ತದೆ, ಎಣ್ಣೆ ಹಬೆಯ ಜೊತೆ ಹಾರಿಹೋಗುತ್ತದೆ. ತಣ್ಣಗಿರುವಾಗ ಹಾಕಿದರೆ ಎಣ್ಣೆ ಬಿಯರ್‌ನಲ್ಲೇ ಉಳಿಯುತ್ತದೆ. ಡ್ರೈ ಹಾಪಿಂಗ್‌ನ ಲಾಭ ಇದು. ಇದರಿಂದ ಕಹಿ ಬರುವುದೇ ಇಲ್ಲ ಅನ್ನುವುದು ಮಾತ್ರ ಪೂರ್ತಿ ನಿಜವಲ್ಲ. ಹಾಪ್ ಸ್ವಲ್ಪ ಹಳತಾದಾಗ ಆಲ್ಫಾ ಆಸಿಡ್ ಗಾಳಿ ತಾಗಿ ಹ್ಯುಮುಲಿನೋನ್ ಆಗುತ್ತದೆ. ಅದು ಕುದಿಸದೆಯೂ ಕರಗುತ್ತದೆ, ನಾಲಿಗೆಗೆ ಕಹಿಯೇ.

ನಮ್ಮ ದೇಶದಲ್ಲಿ ಹಾಪ್ ಬೆಳೆಯುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಆದರೆ ವಾಸನೆಗೆಂದು ಕೇಳುವ ಸಿಟ್ರಾ, ಕ್ಯಾಸ್ಕೇಡ್, ಮೊಸಾಯಿಕ್, ಸಿಮ್ಕೋ ಎಲ್ಲ ಅಮೆರಿಕದ ತಳಿಗಳು, ಪೆಲೆಟ್ (ಪುಡಿಮಾಡಿ ಒತ್ತಿದ ಗುಳಿಗೆ) ರೂಪದಲ್ಲಿ ಬರುತ್ತವೆ. ಸಿಟ್ರಾದಲ್ಲಿ ಮಾವು, ಮೂಸಂಬಿಯ ಕಡೆಯ ವಾಸನೆ. ಕ್ಯಾಸ್ಕೇಡ್ ಚಕೋತ ಹಣ್ಣಿನ ಸಿಪ್ಪೆ, ಹೂವು. ಸಿಮ್ಕೋ ಪೈನ್ ಮರದ ಅಂಟು. ಜೆಕ್ ದೇಶದ ಸಾಜ್ ಮೆತ್ತಗೆ, ಸೊಪ್ಪು ಮಸಾಲೆಯ ಹಾಗೆ. ಅದನ್ನು ಲಾಗರ್‌ಗೆ (ತಣ್ಣಗೆ ಹುದುಗಿಸುವ ಬಿಯರ್) ಇಟ್ಟುಕೊಳ್ಳಿ. ಮೊದಲ ಸಲ ಮಾಡುವವರು ಒಂದೇ ತಳಿ ಹಾಕುವುದು ಒಳ್ಳೆಯದು. ಮೂರು ಬೆರೆಸಿದರೆ ಯಾವುದು ಏನು ಮಾಡಿತು ಎಂದು ಮೂಗಿಗೆ ಗೊತ್ತಾಗುವುದಿಲ್ಲ.

ಮಾರ್ಚ್‌ನಿಂದ ಜೂನ್‌ವರೆಗೆ ಕೊರಿಯರ್‌ನಲ್ಲಿ ತರಿಸಿದ ಹಾಪ್ ಬಗ್ಗೆ ಅನುಮಾನ ಇರಲಿ. ಬಿಸಿಲಲ್ಲಿ ನಿಂತ ವ್ಯಾನಿನಲ್ಲಿ ಎರಡು ದಿನ ಕಳೆದಿರಬಹುದು. ಗಾಳಿ ತೆಗೆದು ಸೀಲ್ ಮಾಡಿದ, ಒಳಗೆ ಬೆಳ್ಳಿ ಬಣ್ಣದ ಪದರ ಇರುವ ಪೌಚ್ ಆಗಿರಬೇಕು. ಪೌಚ್ ಉಬ್ಬಿದ್ದರೆ, ಸೀಲ್ ಬಿಟ್ಟಿದ್ದರೆ ತಿರುಗಿ ಕಳಿಸಿ. ತೆರೆದ ಮೇಲೆ ಒಂದು ಪೆಲೆಟ್ ಬೆರಳಲ್ಲಿ ಪುಡಿಮಾಡಿ ನೋಡಿ. ಹಸಿರಾಗಿ, ಕೈಗೆ ಅಂಟುವಂತಿದ್ದರೆ ಸರಿ. ಕಂದು ತಿರುಗಿ, ಹಳೇ ಚೀಸ್ ಅಥವಾ ಬೆವರಿದ ಸಾಕ್ಸ್ ವಾಸನೆ ಬಂದರೆ ಅದು ಐಸೋವಲೆರಿಕ್ ಆಸಿಡ್. ಅಂಥದ್ದನ್ನು ಡ್ರೈ ಹಾಪ್‌ಗೆ ಹಾಕಲೇಬೇಡಿ, ಆ ವಾಸನೆ ಹೋಗುವುದಿಲ್ಲ. ಉಳಿದ ಹಾಪ್ ಗಾಳಿ ಹಿಂಡಿ ಕಟ್ಟಿ ಫ್ರೀಜರ್‌ನಲ್ಲಿ ಇಡಿ. ಫ್ರಿಜ್ಜಿನ ಬಾಗಿಲಲ್ಲಿ ಇಟ್ಟರೆ ಸಾಲದು.

ಯಾವಾಗ

ಎರಡು ದಾರಿ ಇವೆ. ಒಂದು, ಯೀಸ್ಟ್ ಇನ್ನೂ ಕೆಲಸ ಮಾಡುತ್ತಿರುವಾಗಲೇ ಹಾಕುವುದು. ಹಾಪ್ ಜೊತೆ ಒಳಗೆ ಹೋದ ಆಕ್ಸಿಜನ್ನನ್ನು ಯೀಸ್ಟ್ ತಿಂದುಹಾಕುತ್ತದೆ, ಕೆಲವು ಎಣ್ಣೆಗಳನ್ನು ಬೇರೆ ವಾಸನೆಗೆ ತಿರುಗಿಸುತ್ತದೆ (ಜೆರೇನಿಯೋಲ್ ಸಿಟ್ರೊನೆಲ್ಲೋಲ್ ಆಗುವುದು ಹೀಗೆ). ಮಬ್ಬಾದ, ಹಣ್ಣಿನ ರಸದಂಥ ಐಪಿಎ (ಹಾಪ್ ಹೆಚ್ಚು ಹಾಕಿದ ಬಿಯರ್) ಮಾಡುವವರಿಗೆ ಈ ದಾರಿ ಇಷ್ಟ. ಆದರೆ ಉಕ್ಕುವ ಗ್ಯಾಸ್ ಸಾಕಷ್ಟು ವಾಸನೆಯನ್ನು ಏರ್‌ಲಾಕ್‌ನಿಂದ (ಗ್ಯಾಸ್ ಹೊರಬಿಡಲು ಮುಚ್ಚಳದಲ್ಲಿರುವ ನೀರಿನ ಕೊಳವೆ) ಹೊರಗೆ ತಳ್ಳುತ್ತದೆ, ಕೆಳಗೆ ಕೂರುವ ಯೀಸ್ಟ್ ಇನ್ನಷ್ಟು ಎಳೆದುಕೊಂಡು ಹೋಗುತ್ತದೆ. ಕೋಣೆಯೆಲ್ಲ ಘಮಘಮ, ಗ್ಲಾಸ್‌ನಲ್ಲಿ ಕಮ್ಮಿ.

ಇನ್ನೊಂದು, ಹುದುಗುವಿಕೆ ಮುಗಿದು, ಯೀಸ್ಟ್ ಬಹುಪಾಲು ಕೆಳಗೆ ಕೂತ ಮೇಲೆ, 14ರಿಂದ 18 ಡಿಗ್ರಿಯಲ್ಲಿ ಹಾಕುವುದು. ನಮ್ಮ ಹವೆಗೆ ಹೊಂದುವುದು ಇದೇ. ಕಾರಣ ಹಾಪ್ ಕ್ರೀಪ್.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಾಪ್‌ನಲ್ಲಿ ಪಿಷ್ಟ ಒಡೆಯುವ ಕಿಣ್ವಗಳು ಇರುತ್ತವೆ. ಇಂಗ್ಲೆಂಡಿನ ಬ್ರೌನ್ ಮತ್ತು ಮಾರಿಸ್ 1893ರಷ್ಟು ಹಿಂದೆಯೇ ಇದನ್ನು ಗುರುತಿಸಿದ್ದರು. ಕುದಿಸಿದ ಹಾಪ್‌ನಲ್ಲಿ ಇವು ಸತ್ತುಹೋಗುತ್ತವೆ, ಡ್ರೈ ಹಾಪ್‌ನಲ್ಲಿ ಜೀವಂತ. ಯೀಸ್ಟ್‌ಗೆ ತಿನ್ನಲಾಗದೆ ಉಳಿದ ಡೆಕ್ಸ್‌ಟ್ರಿನ್‌ಗಳನ್ನು ಇವು ಸಣ್ಣ ಸಕ್ಕರೆಯಾಗಿ ಕತ್ತರಿಸುತ್ತವೆ, ಮಲಗಿದ್ದ ಯೀಸ್ಟ್ ಎದ್ದು ಅದನ್ನು ತಿನ್ನಲು ಶುರುಮಾಡುತ್ತದೆ. ಮುಗಿಯಿತು ಅಂದುಕೊಂಡ ಬಿಯರ್ 1.012ರಿಂದ 1.008ಕ್ಕೆ ಇಳಿಯಬಹುದು. ಜೊತೆಗೆ ಡೈಅಸಿಟೈಲ್ ಹುಟ್ಟುತ್ತದೆ, ಪಾಪ್‌ಕಾರ್ನ್ ಬೆಣ್ಣೆಯ ವಾಸನೆ. ಬಿಸಿ ಹೆಚ್ಚಿದಷ್ಟೂ ಕಿಣ್ವ ಚುರುಕು.

ಬಾಟಲಿಯಲ್ಲಿ ಇದು ಆದರೆ ಏನು? 0.001 ಗ್ರಾವಿಟಿ ಇಳಿದರೆ ಸುಮಾರು ಅರ್ಧ ವಾಲ್ಯೂಮ್ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ (ಒಂದು ವಾಲ್ಯೂಮ್ ಅಂದರೆ ಒಂದು ಲೀಟರ್ ಬಿಯರ್‌ನಲ್ಲಿ ಒಂದು ಲೀಟರ್ ಗ್ಯಾಸ್). 0.004 ಇಳಿದರೆ ಎರಡು ವಾಲ್ಯೂಮ್. ಪ್ರೈಮಿಂಗ್ ಸಕ್ಕರೆಯಿಂದ (ಗ್ಯಾಸ್ ಬರಲೆಂದು ಬಾಟಲಿಗೆ ಹಾಕುವ ಸಕ್ಕರೆ) ಬರುವುದು ಸೇರಿ 2.4 ಇರಬೇಕಾದದ್ದು 4.4 ಆಯಿತು. ಆ ಬಾಟಲಿ 38 ಡಿಗ್ರಿ ಕೋಣೆಯಲ್ಲಿ ಇದ್ದರೆ ಒಳಗಿನ ಒತ್ತಡ ಆರು ಬಾರ್ ಆಸುಪಾಸು, ಕಾರ್ ಟೈರ್‌ನ ಎರಡೂವರೆ ಮೂರು ಪಟ್ಟು. ಗಾಜು ಸಿಡಿಯುವುದು ಹೀಗೆ. ಬೇಸಿಗೆಯಲ್ಲಿ ಬಾಟಲಿಗಿಂತ ಕೆಗ್ (ಸ್ಟೀಲ್ ಪೀಪಾಯಿ) ಮೇಲು ಅನ್ನುವುದು ಸುಮ್ಮನೆ ಅಲ್ಲ.

ಕ್ವೈಕ್ ಯೀಸ್ಟ್ ಬಳಸುವವರಿಗೆ ಇನ್ನೊಂದು ಮಾತು. ನಾರ್ವೆಯ ಈ ಯೀಸ್ಟ್, ಅದರಲ್ಲೂ ವೋಸ್ ಅನ್ನುವ ಬಗೆ, 35ರಿಂದ 40 ಡಿಗ್ರಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ರಾಯಚೂರಿಗೇ ಹೇಳಿ ಮಾಡಿಸಿದಂತಿದೆ. ಹುದುಗುವುದಕ್ಕೆ ನಿಜ. ಡ್ರೈ ಹಾಪ್‌ಗೆ ಅಲ್ಲ. 36 ಡಿಗ್ರಿಯಲ್ಲಿ ಹಾಪ್ ನೆನೆದರೆ ಎಣ್ಣೆಯ ಜೊತೆ ಎಲೆಯ ಒಗರು, ಪಾಲಿಫಿನಾಲ್‌ಗಳೂ ಬೇಗ ಇಳಿಯುತ್ತವೆ, ಕ್ರೀಪ್ ಜೋರಾಗುತ್ತದೆ. ಕ್ವೈಕ್‌ನಲ್ಲಿ ಬಿಸಿಯಾಗಿ ಹುದುಗಿಸಿ, ಹಾಪ್ ಹಾಕುವ ಮೊದಲು ತಣ್ಣಗೆ ಮಾಡಿ.

ತಣ್ಣಗೆ ಮಾಡಲು ಮೇಲೆ ಬಾಗಿಲಿರುವ ಹಳೇ ಡೀಪ್ ಫ್ರೀಜರ್ ಮತ್ತು ಎಸ್‌ಟಿಸಿ-1000 ಥರದ ಟೆಂಪರೇಚರ್ ಕಂಟ್ರೋಲರ್ ಸಾಕು. ಸೆನ್ಸರ್ ತಂತಿಯನ್ನು ಗಾಳಿಯಲ್ಲಿ ತೂಗುಬಿಡದೆ ಫರ್ಮೆಂಟರ್ (ಹುದುಗಿಸುವ ಪಾತ್ರೆ) ಹೊಟ್ಟೆಗೆ ಟೇಪ್ ಹಾಕಿ, ಮೇಲೆ ಥರ್ಮಾಕೋಲ್ ತುಂಡು ಒತ್ತಿ ಕಟ್ಟಿ. ಕರೆಂಟ್ ಹೋಗುವ ದಿನಗಳಿಗೆ ಎರಡು ಲೀಟರಿನ ನೀರಿನ ಬಾಟಲಿ ನಾಲ್ಕನ್ನು ಬೇರೆ ಕಡೆ ಗಟ್ಟಿ ಹೆಪ್ಪುಗಟ್ಟಿಸಿ ಇಟ್ಟುಕೊಳ್ಳಿ, ಕರೆಂಟ್ ಹೋದ ತಕ್ಷಣ ಪಕ್ಕದಲ್ಲಿ ಇಡಬಹುದು. ಒದ್ದೆ ಗೋಣಿಚೀಲ ಸುತ್ತಿ ಫ್ಯಾನ್ ಹಾಕುವ ಉಪಾಯ ಒಣ ಬೇಸಿಗೆಯಲ್ಲಿ ಎಂಟು ಹತ್ತು ಡಿಗ್ರಿ ಇಳಿಸುತ್ತದೆ. ಆದರೆ 38ರಿಂದ 28ಕ್ಕೆ ಬಂದರೆ ಡ್ರೈ ಹಾಪ್‌ಗೆ ಏನೂ ಉಪಯೋಗವಿಲ್ಲ.

ಎಷ್ಟು

ಸಾಧಾರಣ ಪೇಲ್ ಏಲ್‌ಗೆ ಲೀಟರಿಗೆ 2ರಿಂದ 4 ಗ್ರಾಂ. ಐಪಿಎಗೆ 5ರಿಂದ 8. ಲಾಗರ್‌ಗೆ 1 ಗ್ರಾಂ ಹಾಕಿದರೂ ಗೊತ್ತಾಗುತ್ತದೆ. ಅಮೆರಿಕದ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯವರು 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕ್ಯಾಸ್ಕೇಡ್ ಹಾಪನ್ನು ಲೀಟರಿಗೆ 16 ಗ್ರಾಂವರೆಗೂ ಹಾಕಿ ನೋಡಿದರು. 8 ಗ್ರಾಂ ದಾಟಿದ ಮೇಲೆ ವಾಸನೆ ಅಷ್ಟಾಗಿ ಏರಲಿಲ್ಲ, ಹಣ್ಣಿನ ಗುಣ ಕಮ್ಮಿಯಾಗಿ ಸೊಪ್ಪು, ಚಹಾದ ಕಡೆ ವಾಲಿತು. ಹಾಪ್ ಬೆಲೆ ನೋಡಿದರೆ 8ಕ್ಕೇ ನಿಲ್ಲುವುದು ಜಾಣತನ.

ಹಾಪ್ ಬಿಯರನ್ನೂ ಕುಡಿಯುತ್ತದೆ. 100 ಗ್ರಾಂ ಪೆಲೆಟ್ ಅರ್ಧ ಲೀಟರ್‌ಗಿಂತ ಹೆಚ್ಚೇ ಹಿಡಿದುಕೊಳ್ಳುತ್ತದೆ. ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಚೀಲ ಹಿಂಡಿ ವಸೂಲಿ ಮಾಡಲು ಹೋದರೆ ಒಗರೂ ಗಾಳಿಯೂ ಸೇರುತ್ತವೆ. ಡ್ರೈ ಹಾಪ್‌ನಿಂದ ಪಿಎಚ್ ಕೂಡ ಸ್ವಲ್ಪ ಏರುತ್ತದೆ (ಅಂದರೆ ಹುಳಿ ಕಮ್ಮಿಯಾಗುತ್ತದೆ), ಲೀಟರಿಗೆ 4 ಗ್ರಾಂಗೆ ಅಂದಾಜು 0.1. ಹೆಚ್ಚು ಹಾಪ್ ಹಾಕಿದ ಬಿಯರ್ ಸಪ್ಪೆ, ಮಂದ ಅನ್ನಿಸಲು ಇದೂ ಒಂದು ಕಾರಣ.

ಹೇಗೆ: 20 ಲೀಟರ್ ಪೇಲ್ ಏಲ್, 80 ಗ್ರಾಂ ಹಾಪ್

ಬೇಕಾದದ್ದು: ಕೊನೇಪಕ್ಷ ಎರಡು ಮೂರು ಲೀಟರ್ ಜಾಗ ಖಾಲಿ ಇರುವ ಫರ್ಮೆಂಟರ್, ಹೈಡ್ರೋಮೀಟರ್, ಗ್ರಾಂ ತೋರಿಸುವ ತಕ್ಕಡಿ, ತೆಳು ಮಸ್ಲಿನ್ ಅಥವಾ ನೈಲಾನ್ ಜಾಳಿಗೆಯ ಚೀಲ ಎರಡು, ಭಾರಕ್ಕೆ ಸ್ಟೀಲ್ ಚಮಚ, ಸ್ಯಾನಿಟೈಸರ್, ಸಣ್ಣ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್. ಕಾರ್ಬನ್ ಡೈಆಕ್ಸೈಡ್ ತುಂಬಿಸುವಾಗ ಸೋಡಾ ಫ್ಯಾಕ್ಟರಿಗೆ ಕೊಡುವ ಫುಡ್ ಗ್ರೇಡ್ ಗ್ಯಾಸ್ ಎಂದು ಕೇಳಿಯೇ ತುಂಬಿಸಿ. ಬೆಂಕಿ ಆರಿಸುವ ಸಿಲಿಂಡರಿನ ಗ್ಯಾಸ್, ವೆಲ್ಡಿಂಗ್ ಗ್ಯಾಸ್ ಬೇಡ.

1. ಗ್ರಾವಿಟಿ ನೋಡಿ. 48 ಗಂಟೆ ಅಂತರದಲ್ಲಿ ಎರಡು ಸಲ ತೆಗೆದ ಅಳತೆ ಒಂದೇ ಇರಬೇಕು, ಉದಾಹರಣೆಗೆ 1.012, 1.012. ಏರ್‌ಲಾಕ್ ಗುಳ್ಳೆ ನಿಂತಿದ್ದು ಸಾಕ್ಷಿಯಲ್ಲ. ಇಲ್ಲೊಂದು ಬಳ್ಳಾರಿ ಬಲೆ ಇದೆ: ಹೈಡ್ರೋಮೀಟರ್ ಸಾಮಾನ್ಯವಾಗಿ 20 ಡಿಗ್ರಿಗೆ ಹೊಂದಿಸಿದ್ದು. 35 ಡಿಗ್ರಿಯ ಸ್ಯಾಂಪಲ್‌ನಲ್ಲಿ ಅದು ಸುಮಾರು 0.004 ಕಮ್ಮಿ ತೋರಿಸುತ್ತದೆ. ಒಂದು ದಿನ ಬೆಳಿಗ್ಗೆ, ಇನ್ನೊಂದು ದಿನ ಮಧ್ಯಾಹ್ನ ಅಳೆದರೆ ಇಳಿಯದ ಗ್ರಾವಿಟಿ ಇಳಿದಂತೆ ಕಾಣುತ್ತದೆ. ಸ್ಯಾಂಪಲ್ ಲೋಟವನ್ನು ತಣ್ಣೀರಲ್ಲಿ ಇಟ್ಟು 20ಕ್ಕೆ ತಂದು, ಗುಳ್ಳೆ ಹೋಗುವಂತೆ ಕಲಕಿ ಅಳೆಯಿರಿ.

2. ಡೈಅಸಿಟೈಲ್ ಪರೀಕ್ಷೆ. ಎರಡು ಸಣ್ಣ ಮುಚ್ಚಳದ ಬಾಟಲಿಯಲ್ಲಿ ಬಿಯರ್ ತೆಗೆಯಿರಿ. ಒಂದನ್ನು 65 ಡಿಗ್ರಿ ಬಿಸಿನೀರಿನಲ್ಲಿ 20–30 ನಿಮಿಷ ಇಟ್ಟು ತಣಿಸಿ, ಎರಡನ್ನೂ ಮೂಸಿ. ಬಿಸಿ ಮಾಡಿದ್ದು ಬೆಣ್ಣೆ ವಾಸನೆ ಹೊಡೆದರೆ ಯೀಸ್ಟ್ ಕೆಲಸ ಮುಗಿದಿಲ್ಲ. ಇನ್ನೆರಡು ದಿನ ಹಾಗೇ ಬಿಡಿ.

3. 16 ಡಿಗ್ರಿಗೆ ಇಳಿಸಿ ಒಂದು ದಿನ ಬಿಡಿ. ಯೀಸ್ಟ್ ಕೂರುತ್ತದೆ. ತಳದಲ್ಲಿ ವಾಲ್ವ್ ಇರುವ ಫರ್ಮೆಂಟರ್ ಆದರೆ ಯೀಸ್ಟ್ ಹೊರಗೆ ಬಿಡಿ. ಬೇರೆ ಪಾತ್ರೆಗೆ ಬಗ್ಗಿಸುವ ಹಳೇ ಪದ್ಧತಿ ಬೇಡ, ಗಾಳಿ ಸೇರಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ.

4. ಚೀಲ, ದಾರ, ಚಮಚ ಹತ್ತು ನಿಮಿಷ ಕುದಿಸಿ. ಜೀನ್ಸ್ ಹೊಲಿಯುವ ಊರು, ದಾರಕ್ಕೆ ಬರವಿಲ್ಲ, ಆದರೆ ಬಣ್ಣದ ದಾರ ಕಟ್ಟಬೇಡಿ. ಬಿಳಿ ಹತ್ತಿಯದ್ದು ಅಥವಾ ನೈಲಾನ್ ಇರಲಿ. ಮುಚ್ಚಳ, ಕೈ, ಕತ್ತರಿಗೆ ಸ್ಟಾರ್ ಸ್ಯಾನ್ ಎಂಬ ಸ್ಯಾನಿಟೈಸರನ್ನು ಲೀಟರಿಗೆ 1.5 ಮಿಲಿ ಬೆರೆಸಿ ಹಚ್ಚಿ. ಬೋರ್‌ವೆಲ್ ನೀರಿನಲ್ಲಿ ಬೆರೆಸಿದರೆ ಹಾಲಿನಂತೆ ಒಡೆದು ಕೆಲಸಕ್ಕೆ ಬಾರದಾಗಬಹುದು, ಕ್ಯಾನಿನ ಆರ್‌ಒ ನೀರು ಬಳಸಿ. ಹಾಪ್‌ಗೆ ಸ್ಯಾನಿಟೈಸರ್ ಹಾಕುವುದು, ಬಿಸಿನೀರಲ್ಲಿ ಅದ್ದುವುದು ಬೇಡ. ಹುಳಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಗುಣ ಅದರಲ್ಲೇ ಇದೆ, ಬಿಯರ್‌ನಲ್ಲಿ ಆಲ್ಕೋಹಾಲ್ ಇದೆ, ಪಿಎಚ್ ಕಮ್ಮಿ ಇದೆ. ಸೋಂಕು ಬರುವುದು ಹಾಪ್‌ನಿಂದಲ್ಲ, ಚೀಲದಿಂದ.

5. ಹಾಪ್ ಪೌಚನ್ನು ಫ್ರೀಜರ್‌ನಿಂದ ತೆಗೆದು ಬಿಚ್ಚದೆ ಇಪ್ಪತ್ತು ನಿಮಿಷ ಇಡಿ. ತಕ್ಷಣ ಬಿಚ್ಚಿದರೆ, ಮುಖ್ಯವಾಗಿ ಮಳೆಗಾಲದಲ್ಲಿ, ಪೆಲೆಟ್ ಮೇಲೆ ನೀರು ಕೂರುತ್ತದೆ. ಒಂದೊಂದು ಚೀಲಕ್ಕೆ 40 ಗ್ರಾಂ ತೂಗಿ ಹಾಕಿ, ಚಮಚ ಸೇರಿಸಿ ಬಾಯಿ ಕಟ್ಟಿ. ಚೀಲದ ಕಾಲು ಭಾಗ ಮಾತ್ರ ತುಂಬಿರಬೇಕು. ಪೆಲೆಟ್ ನೆನೆದು ಹಿಗ್ಗುತ್ತದೆ. ಬಿಗಿಯಾಗಿ ತುಂಬಿದರೆ ನಡುವಿನ ಹಾಪ್ ಒಣಗಿಯೇ ಉಳಿಯುತ್ತದೆ, ಮೂರು ದಿನದ ನಂತರ ಬಿಚ್ಚಿದಾಗ ಒಳಗೆ ಒಣ ಹಸಿರು ಗಡ್ಡೆ ಸಿಗುತ್ತದೆ. ತಳದ ವಾಲ್ವ್ ಇರುವವರು ಚೀಲವಿಲ್ಲದೆ ಹಾಗೇ ಸುರಿದರೆ ವಾಸನೆ ಇನ್ನೂ ಚೆನ್ನಾಗಿ ಇಳಿಯುತ್ತದೆ.

6. ಮುಚ್ಚಳ ತೆಗೆಯುವ ಮೊದಲು ಗ್ಯಾಸ್ ಪೈಪ್ ಸಿದ್ಧವಿರಲಿ. ಮುಚ್ಚಳ ಸ್ವಲ್ಪ ಎತ್ತಿ, ಪೈಪಿನಿಂದ ಬಿಯರ್ ಮೇಲೆ ಮೆಲ್ಲಗೆ ಗ್ಯಾಸ್ ಹರಿಸುತ್ತ ಚೀಲ ಇಳಿಬಿಡಿ. ಮೊದಲು ಒಂದು ಚೀಲ. ಬಿಯರ್‌ನಲ್ಲಿ ಕರಗಿರುವ ಗ್ಯಾಸ್ ಪೆಲೆಟ್ ಪುಡಿ ತಾಗಿದೊಡನೆ ನೊರೆಯಾಗಿ ಏರಬಹುದು. ಅದು ಇಳಿದ ಮೇಲೆ ಎರಡನೆಯದು. ಮುಚ್ಚಿ, ಮತ್ತೆ ಅರ್ಧ ನಿಮಿಷ ಗ್ಯಾಸ್ ಹರಿಸಿ ಒಳಗಿನ ಗಾಳಿ ಹೊರಹಾಕಿ. ಕಿಟಕಿ ತೆರೆದಿರಲಿ. ಈ ಗ್ಯಾಸ್ ಗಾಳಿಗಿಂತ ಭಾರ, ಡೀಪ್ ಫ್ರೀಜರ್ ಗುಂಡಿಯಲ್ಲಿ ತುಂಬಿ ನಿಲ್ಲುತ್ತದೆ, ಅದರೊಳಗೆ ತಲೆ ಬಗ್ಗಿಸಬೇಡಿ.

7. 48ರಿಂದ 72 ಗಂಟೆ. ದಿನಕ್ಕೆರಡು ಸಲ ಮುಚ್ಚಳ ತೆಗೆಯದೆ ಫರ್ಮೆಂಟರನ್ನು ಮೆಲ್ಲಗೆ ಅಲುಗಾಡಿಸಿ, ಇಲ್ಲದಿದ್ದರೆ ಪೆಲೆಟ್ ಕೆಸರಿನಂತೆ ತಳ ಹಿಡಿದು ಕೂರುತ್ತದೆ. ಪೆಲೆಟ್‌ನ ಎಣ್ಣೆ ಬಹುತೇಕ ಮೊದಲ ಒಂದೆರಡು ದಿನದಲ್ಲೇ ಇಳಿದಿರುತ್ತದೆ. ವಾರ ಬಿಟ್ಟರೆ ಸಿಗುವುದು ಹುಲ್ಲಿನ ವಾಸನೆ, ಗಂಟಲಲ್ಲಿ ಒಗರು.

8. ಮತ್ತೆ ಗ್ರಾವಿಟಿ ನೋಡಿ. ಇದನ್ನೇ ಹೆಚ್ಚಿನವರು ಬಿಡುವುದು. 0.002 ಅಥವಾ ಹೆಚ್ಚು ಇಳಿದಿದ್ದರೆ ಕ್ರೀಪ್ ಶುರುವಾಗಿದೆ. ಚೀಲ ತೆಗೆದು, 20 ಡಿಗ್ರಿಗೆ ಏರಿಸಿ, ಗ್ರಾವಿಟಿ ನಿಲ್ಲುವವರೆಗೆ ಕಾಯಿರಿ, ಡೈಅಸಿಟೈಲ್ ಪರೀಕ್ಷೆ ಮತ್ತೊಮ್ಮೆ ಮಾಡಿ. ಇಳಿದಿರದಿದ್ದರೆ ಚೀಲ ತೆಗೆದು ಮುಂದಕ್ಕೆ.

9. 2 ಡಿಗ್ರಿಗೆ ಇಳಿಸಿ ಎರಡು ದಿನ. ತಣಿಯುವಾಗ ಒಳಗಿನ ಗ್ಯಾಸ್ ಕುಗ್ಗಿ ಏರ್‌ಲಾಕ್‌ನಿಂದ ಹೊರಗಿನ ಗಾಳಿ, ಕೆಲವೊಮ್ಮೆ ಅದರ ನೀರನ್ನೂ ಒಳಗೆ ಎಳೆಯುತ್ತದೆ. ಏರ್‌ಲಾಕ್ ತೆಗೆದು ಕಾರ್ಬನ್ ಡೈಆಕ್ಸೈಡ್ ತುಂಬಿದ ಬಲೂನ್ ಕಟ್ಟಿ.

10. ಗ್ಯಾಸ್ ತುಂಬಿ ಗಾಳಿ ಹೊರಹಾಕಿದ ಕೆಗ್‌ಗೆ ಪೈಪಿನಲ್ಲಿ ಬಗ್ಗಿಸಿ. ಬಾಟಲಿಯೇ ಅಂದರೆ ಲೀಟರಿಗೆ 6 ಗ್ರಾಂ ಸಕ್ಕರೆ, ದಪ್ಪ ಗಾಜಿನ ಬಾಟಲಿ. ಜೊತೆಗೆ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿಯಲ್ಲೂ ತುಂಬಿ ಇಡಿ. ಅದು ಒತ್ತಿದರೆ ಬಗ್ಗದಷ್ಟು ಗಟ್ಟಿಯಾದ ದಿನ ಎಲ್ಲವನ್ನೂ ಫ್ರಿಜ್ಜಿಗೆ ಸೇರಿಸಿ.

ಕೆಟ್ಟರೆ ಏನು ಕಾರಣ

ಎರಡು ವಾರದಲ್ಲಿ ಬಂಗಾರದ ಬಣ್ಣ ಹೋಗಿ ಕಂದು ತಿರುಗಿತು, ಒದ್ದೆ ರಟ್ಟಿನ ವಾಸನೆ ಬಂತು ಅಂದರೆ ಆಕ್ಸಿಜನ್. ಆರನೇ ಅಥವಾ ಹತ್ತನೇ ಹಂತದಲ್ಲಿ ಗಾಳಿ ಸೇರಿದೆ. ಡ್ರೈ ಹಾಪ್ ಮಾಡಿದ ಬಿಯರ್ ಇದನ್ನು ಬೇರೆ ಬಿಯರ್‌ನಷ್ಟು ತಡೆದುಕೊಳ್ಳುವುದಿಲ್ಲ, ಬಿಸಿ ಕೋಣೆಯಲ್ಲಿ ಇನ್ನೂ ಬೇಗ ಕೆಡುತ್ತದೆ. ಚೆನ್ನಾಗಿ ಬಂದ ಬಿಯರನ್ನೂ ತಣ್ಣಗೆ ಇಟ್ಟು ಒಂದು ತಿಂಗಳಲ್ಲಿ ಮುಗಿಸಿ. ಹಣ್ಣಿನ ವಾಸನೆ ಮೊದಲು ಹೋಗುವುದು.

ಕುಡಿದ ಮೇಲೆ ಗಂಟಲು ಕೆರೆದರೆ ಹಾಪ್ ಪುಡಿ ಇನ್ನೂ ತೇಲುತ್ತಿದೆ. ಇನ್ನೆರಡು ದಿನ ತಣ್ಣಗಿಟ್ಟರೆ ಕೂರುತ್ತದೆ. ಬೆಣ್ಣೆ ವಾಸನೆ ಬಾಟಲಿಯಲ್ಲಿ ಬಂದರೆ ಎಂಟನೇ ಹಂತ ಬಿಟ್ಟಿದ್ದೀರಿ. ವಾಸನೆಯೇ ಇಲ್ಲ ಅಂದರೆ ಹಳೇ ಹಾಪ್ ಅಥವಾ ಬಿಗಿ ಚೀಲ. ಅದಕ್ಕೆ ಇನ್ನೊಂದು ಸುತ್ತು ಹಾಪ್ ಹಾಕುವ ಮೊದಲು ಚೀಲ ಬಿಚ್ಚಿ ನೋಡಿ.

ಹಾಪ್ ಸೋಡಾ: ಪರವಾನಗಿ ಬೇಡದ ಅಭ್ಯಾಸ

ಐದು ಲೀಟರ್ ಆರ್‌ಒ ನೀರು ಕುದಿಸಿ ತಣಿಸಿ. ಎರಡೂವರೆ ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹಾಕಿ; ಪಿಎಚ್ 4ಕ್ಕಿಂತ ಕೆಳಗೆ ಬಂದಿದೆಯೆಂದು ಪಟ್ಟಿ ಅದ್ದಿ ನೋಡಿ. ಹುಳಿ ಇಲ್ಲದ ನೀರಿನಲ್ಲಿ ಹಾಪ್ ನೆನೆಸಿ ಮುಚ್ಚಿಡುವುದು ಅಪಾಯ, ಆಲ್ಕೋಹಾಲಿನ ಕಾವಲು ಇಲ್ಲಿ ಇಲ್ಲ. ಐದಾರು ಗ್ರಾಂ ಸಿಟ್ರಾ ಅಥವಾ ಕ್ಯಾಸ್ಕೇಡ್ ಪೆಲೆಟ್ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿ 12ರಿಂದ 24 ಗಂಟೆ ಇಡಿ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ, ಮಂಜಿನಷ್ಟು ತಣ್ಣಗಿರುವಾಗ ಗ್ಯಾಸ್ ತುಂಬಿಸಿ. ಫ್ರಿಜ್‌ನಲ್ಲೇ ಇಟ್ಟು ವಾರದೊಳಗೆ ಕುಡಿಯಿರಿ. ಸಕ್ಕರೆ ಬೇಡ, ಯೀಸ್ಟ್ ಬೇಡ. ಅದೇ ನೀರನ್ನು ಮೂರು ಬಾಟಲಿಗೆ ಹಂಚಿ 6, 24, 72 ಗಂಟೆ ಹಾಪ್ ನೆನೆಸಿಟ್ಟು ಪಕ್ಕಪಕ್ಕದಲ್ಲಿ ಕುಡಿದು ನೋಡಿದರೆ ಹುಲ್ಲು ವಾಸನೆ ಯಾವ ಹೊತ್ತಿಗೆ ಶುರುವಾಗುತ್ತದೆ ಎಂಬುದು ನಾಲಿಗೆಗೇ ತಿಳಿಯುತ್ತದೆ.

ಬಳಸಿದ ಹಾಪನ್ನು ಬೀದಿಯ ಕಸಕ್ಕೆ, ತಿಪ್ಪೆಗೆ ಎಸೆಯಬೇಡಿ. ನಾಯಿಗೆ ಹಾಪ್ ವಿಷ: ತಿಂದ ಕೆಲವೇ ಗಂಟೆಯಲ್ಲಿ ಮೈ ಬಿಸಿ ವಿಪರೀತ ಏರಿ ಸಾಯುವುದೂ ಉಂಟು. ಮೊಣಕೈ ಆಳದ ಗುಂಡಿ ತೆಗೆದು ಹೂತು, ಮೇಲೆ ಒಂದು ಕಲ್ಲು ಇಡಿ. ನಾಯಿ ಎಮ್ಮೆ ಇರುವ ಹಟ್ಟಿಯಾದರೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಸದ ಗಾಡಿ ಬರುವ ಹೊತ್ತಿಗೇ ಕೈಯಾರೆ ಕೊಡಿ.